ಬ್ರೇಕ್ ಒತ್ತುವ ಕಾಲು

ಅರವತ್ತಾರನೆಯ ವಯಸ್ಸಿನಲ್ಲಿ ಕಾರು ಕಲಿಯುತ್ತೇನೆಂದು ವಿನೋದಮ್ಮ ಘೋಷಿಸಿದ್ದು ಒಂದು ಭಾನುವಾರ ಮಧ್ಯಾಹ್ನ, ಎಲ್ಲರ ತಟ್ಟೆಗೂ ಬಸಳೆ ಹುಳಿ ಬಡಿಸಿ ಆದ ಮೇಲೆ. ಬಾಯಿ ತುಂಬ ಅನ್ನ ಇರುವಾಗ ಯಾರೂ ಕೂಡಲೇ ಬೇಡ ಅನ್ನಲಾರರು ಎಂಬ ಲೆಕ್ಕಾಚಾರ ಆಕೆಯದು.

“ನಾನು ಡ್ರೈವಿಂಗ್ ಕಲೀತೀನಿ. ಲರ್ನರ್ಸ್ ಪರ್ಮಿಟ್‌ನ ಪುಸ್ತಕ ಓದಿ ಮುಗಿಸಿದೀನಿ.”

ಮಗಳು ಸುರಕ್ಷಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಅಳಿಯ ರಿತೇಶನಿಗೆ ಕೆಮ್ಮು ಬಂತು. ಮೊಮ್ಮಗಳು ದೀಕ್ಷಿತಾ ಮಾತ್ರ ಚಮಚ ಎತ್ತಿ ಹಿಡಿದು, “ಯೆಸ್! ಗೋ ಅಜ್ಜಿ!” ಎಂದು ಕೂಗಿದಳು. ಮೇ ತಿಂಗಳಲ್ಲಿ ಹದಿನಾರು ತುಂಬುವ ಅವಳೂ ಕಾರು ಕಲಿಯುತ್ತಿದ್ದಳು. ತನಗೊಬ್ಬಳು ಸಹಪಾಠಿ ಸಿಕ್ಕಿದಳಲ್ಲ ಎಂಬ ಖುಷಿ.

“ಈ ವಯಸ್ಸಲ್ಲಾ ಅಮ್ಮಾ?” ಎಂದಳು ಸುರಕ್ಷಾ.

“ಇನ್ಯಾವ ವಯಸ್ಸಲ್ಲಿ? ಮುಂದಿನ ಜನ್ಮದಲ್ಲಾ?”

ಇದಕ್ಕೆಲ್ಲ ಮೂಲ ಪುಂಡಲೀಕರಾಯರ ಕಣ್ಣು. ಮೈಸೂರಿನಲ್ಲಿ ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದ ರಾಯರು ಹೆಂಡತಿಯೊಂದಿಗೆ ಮಗಳ ಮನೆಗೆ, ಅಮೆರಿಕದ ಜಾರ್ಜಿಯಾದ ಕಮ್ಮಿಂಗ್‌ಗೆ ಬಂದು ನಾಲ್ಕು ವರ್ಷವಾಗಿತ್ತು. ಬಂದ ವರ್ಷವೇ ಲೈಸೆನ್ಸ್ ಮಾಡಿಸಿಕೊಂಡು, ಮನೆಯ ಹಳೆಯ ಕರೋಲಾದಲ್ಲಿ ಹೆಂಡತಿಯನ್ನು ದೇವಸ್ಥಾನ, ಇಂಡಿಯನ್ ಸ್ಟೋರ್, ಲೈಬ್ರರಿ ಎಂದು ಸುತ್ತಿಸುತ್ತಿದ್ದರು. ಈ ಜನವರಿಯಲ್ಲಿ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಗ್ಲಾಕೋಮದಿಂದ ಪಕ್ಕದ ನೋಟ ಹೋಗಿದೆ, ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದುಬಿಟ್ಟರು. ರಾಯರು ಕಾರಿನ ಕೀಯನ್ನು ಗೋಡೆಯ ಮೊಳೆಗೆ ನೇತುಹಾಕಿ ಮೂರು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಕಮ್ಮಿಂಗ್‌ನಲ್ಲಿ ಕಾರಿಲ್ಲದವನು ಕಾಲಿಲ್ಲದವನೇ ಸರಿ. ಬಸ್ಸಿಲ್ಲ. ಬಡಾವಣೆಯ ಗೇಟು ದಾಟಿದರೆ ನಡೆಯಲು ಫುಟ್‌ಪಾತೂ ಇಲ್ಲ. ಸುರಕ್ಷಾ ಸ್ಕೂಲಿನಲ್ಲಿ ಮ್ಯಾಥ್ಸ್ ಟೀಚರು, ಆರೂ ಮುಕ್ಕಾಲಿಗೆ ಹೊರಡುತ್ತಾಳೆ. ರಿತೇಶನ ಆಫೀಸು ಪಕ್ಕದೂರು ಆಲ್ಫರೆಟ್ಟಾದಲ್ಲಿ. ಸಂಜೆ ಆರರವರೆಗೆ ಐದು ಬೆಡ್‌ರೂಮಿನ ಮನೆಯಲ್ಲಿ ಇಬ್ಬರೇ. ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಶನಿವಾರದವರೆಗೆ ಕಾಯಬೇಕು.

ಕಲಿಸುವ ಭಾರ ರಿತೇಶನ ಮೇಲೆ ಬಿತ್ತು. ಸುರಕ್ಷಾ ಕಲಿಸಿದರೆ ತಾಯಿ ಮಗಳು ಮೊದಲ ತಿರುವಿನಲ್ಲೇ ಜಗಳವಾಡಿ ಕಾರಿನಿಂದ ಇಳಿಯುತ್ತಾರೆಂದು ಮನೆಯವರಿಗೆಲ್ಲ ಗೊತ್ತಿತ್ತು. ಆದರೆ ಅಳಿಯ ಅತ್ತೆಗೆ ಕಲಿಸುವುದರಲ್ಲಿ ಬೇರೊಂದು ತೊಡಕು. ಅತ್ತೆಯನ್ನು ಗದರಿಸುವ ಅಭ್ಯಾಸ ಅಳಿಯನಿಗಿಲ್ಲ. ಅಳಿಯನ ಎದುರು “ನೋವು” ಅನ್ನುವ ಅಭ್ಯಾಸ ಅತ್ತೆಗಿಲ್ಲ. ಇಬ್ಬರೂ ಮದುವೆಮನೆಯಲ್ಲಿ ಬೀಗರು ಮಾತಾಡಿದಂತೆ ಮಾತಾಡುತ್ತಲೇ ನಾಲ್ಕು ವಾರ ಕಾರು ಓಡಿಸಿದರು.

“ಅತ್ತೆ, ಸ್ವಲ್ಪ ಎಡಕ್ಕೆ ಬಂದ್ರೆ ಚೆನ್ನಾಗಿತ್ತು.”

“ಬಂದೆ ರಿತೇಶ್. ನೀವು ಹೇಳಿದ್ಮೇಲೆ ಬರ್ದೆ ಇರ್ತೀನಾ?”

ವಿನೋದಮ್ಮನಿಗೆ ಸ್ಟೀರಿಂಗ್ ಬೇಗ ಒಲಿಯಿತು. ಕನ್ನಡಿ ನೋಡುವುದು, ಸಿಗ್ನಲ್ ಹಾಕುವುದು, ನಾಲ್ಕು ದಾರಿ ಕೂಡುವಲ್ಲಿ ಮೊದಲು ಬಂದವರಿಗೆ ದಾರಿ ಬಿಡುವುದು, ಎಲ್ಲ ಬಂತು. ಒಲಿಯದೆ ಇದ್ದದ್ದು ಅವರದೇ ಬಲಮಂಡಿ. ಆಕ್ಸಿಲರೇಟರಿನಿಂದ ಬ್ರೇಕಿಗೆ ಪಾದ ಸರಿಸುವಾಗ ಒಳಗೇನೋ ಬಿಗಿದು ಹಿಡಿಯುತ್ತಿತ್ತು. ಮನೆಗೆ ಬಂದು ಸೀರೆ ಎತ್ತಿ ನೋಡಿದರೆ ಮಂಡಿ ದೋಸೆಹಿಟ್ಟು ಉಬ್ಬಿದಂತೆ ಉಬ್ಬಿ, ಬೆಚ್ಚಗಾಗಿರುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕಲಿಕೆ ನಿಲ್ಲುತ್ತದೆ ಎಂಬ ಭಯ.

ಐದನೆಯ ಶನಿವಾರ, ಮನೆಯ ಬೀದಿಗೆ ತಿರುಗುವಾಗ ಕೊರಿಯರ್ ವ್ಯಾನೊಂದು ಹಿಮ್ಮುಖವಾಗಿ ಬಂತು.

“ಅತ್ತೆ, ಬ್ರೇಕ್. ಬ್ರೇಕು... ಅತ್ತೆ, ಪ್ಲೀಸ್, ಒತ್ತಿದ್ರೆ ಒಳ್ಳೇದು...”

ಪಾದ ಹೊರಟಿತು, ಮಂಡಿ ತಡೆಯಿತು. ವಿನೋದಮ್ಮ ಸ್ಟೀರಿಂಗನ್ನು ಬಲಕ್ಕೆ ಎಳೆದರು. ವ್ಯಾನು ಉಳಿಯಿತು. ರಸ್ತೆಬದಿಯ ಕಂಬದ ಮೇಲಿದ್ದ, ಪಕ್ಕದ ಮನೆಯ ಸೌರಭ್‌ನ ಮೇಲ್‌ಬಾಕ್ಸು ಹುಲ್ಲಿನ ಮೇಲೆ ಅಂಗಾತ ಮಲಗಿತು.

ಆ ದಿನದ ಊಟದಲ್ಲಿ ಯಾರಿಗೂ ರುಚಿ ತಿಳಿಯಲಿಲ್ಲ.

“ಅತ್ತೆ, ನಿಮ್ಮ ಕಾಲು ಬ್ರೇಕಿಗೆ ಬರ್ಲೇ ಇಲ್ಲ. ನಾನು ನೋಡ್ದೆ,” ಎಂದ ರಿತೇಶ್, ತಲೆ ತಗ್ಗಿಸಿಕೊಂಡೇ.

“ಬಿಸಿಲು ಕಣ್ಣಿಗೆ ಹೊಡೀತು.”

“ಹೌದ್ಹೌದು, ಭಾರೀ ಬಿಸಿಲಿತ್ತು,” ಎಂದರು ಪುಂಡಲೀಕರಾಯರು.

“ಮಾವ, ನೀವು ಮನೇಲಿದ್ರಿ.”

“ಮನೇಲೂ ಇತ್ತಪ್ಪ ಬಿಸಿಲು.”

ದೀಕ್ಷಿತಾ ಕಿಸಕ್ಕೆಂದಳು. ಸುರಕ್ಷಾ ಮಗಳನ್ನು ಗುರಾಯಿಸಿ, ತಾಯಿಯ ಕಡೆ ತಿರುಗಿದಳು. “ಅಮ್ಮ, ನಿನ್ನ ಮಂಡಿ ನೋಯುತ್ತೆ ಅಲ್ವಾ? ಮೆಟ್ಟಿಲು ಇಳಿಯೋವಾಗ ನೋಡ್ತಿದೀನಿ, ಒಂದೊಂದೇ ಹೆಜ್ಜೆ ಇಡ್ತೀಯ.”

“ಅರವತ್ತಾರಕ್ಕೆ ಓಡಿ ಇಳೀಬೇಕಾ?”

“ಈಗ ವಯಸ್ಸಿನ ನೆನಪಾಯ್ತಾ?”

ರಿತೇಶ್ ನಡುವೆ ಬಾಯಿ ಹಾಕಿದ. ಅವನ ದನಿಯಲ್ಲಿ ಮರ್ಯಾದೆ ಹಾಗೇ ಇತ್ತು, ಮಾತು ಮಾತ್ರ ಗಟ್ಟಿ. “ಇವತ್ತು ಮೇಲ್‌ಬಾಕ್ಸು. ನಾಳೆ ಯಾರದೋ ಮಗು ಬಂದ್ರೆ? ಡಾಕ್ಟರ್ ನೋಡಿ ಓಕೆ ಅಂದ್ರೆ ಟೆಸ್ಟಿಗೆ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀವರ್ಗೂ ಬೇಡ ಅತ್ತೆ.”

ದೀಕ್ಷಿತಾಳಿಗೂ ಅಜ್ಜಿಗೂ ಒಂದೇ ದಿನ, ಮೇ ಇಪ್ಪತ್ತಾರಕ್ಕೆ, ರೋಡ್ ಟೆಸ್ಟ್ ಬುಕ್ ಆಗಿತ್ತು. ನಡುವೆ ಇದ್ದದ್ದು ಏಳು ವಾರ.

ಡಾ. ರವಿಶಂಕರ್ ಅವರ ಬಳಿ ಮುಂದಿನ ಬುಧವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ದಾವಣಗೆರೆ ಕಡೆಯವರು, ಮೂವತ್ತೈದು ವರ್ಷದಿಂದ ಇಲ್ಲಿ ಕೀಲುನೋವಿನ ತಜ್ಞರು.

ಈಗ ವಿನೋದಮ್ಮನ ಒಂದು ಪದ್ಧತಿ ಹೇಳಬೇಕು. ಅವರ ತವರಿನಲ್ಲಿ ಡಾಕ್ಟರ ಹತ್ತಿರ ಹೋಗುವುದೆಂದರೆ ನೆಂಟರ ಮನೆಗೆ ಹೋದ ಹಾಗೆ. ತಲೆಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ಮುಖಕ್ಕೆ ಪೌಡರು ಹಚ್ಚಿ ಹೋಗಬೇಕು. ನರಳುತ್ತ, ಕುಂಟುತ್ತ ಹೋದರೆ ಮನೆಯವರು ನೋಡಿಕೊಳ್ಳುವುದಿಲ್ಲ ಅಂದುಕೊಂಡಾರು. ಆಕೆಯ ತಾಯಿ ಆಸ್ಪತ್ರೆಗೆ ಹೊರಡುವ ಮುಂಚೆ ಮಲ್ಲಿಗೆ ಮುಡಿಯುತ್ತಿದ್ದರಂತೆ. ಈ ಸಲವಂತೂ ಪದ್ಧತಿಯ ಜೊತೆಗೆ ಸ್ವಾರ್ಥವೂ ಸೇರಿತು. ಊದಿದ ಮಂಡಿ ಕಂಡರೆ ಡಾಕ್ಟರು ಕಾರು ಮುಟ್ಟಬೇಡಿ ಎಂದುಬಿಟ್ಟರೆ? ಗಂಡನಿಗೆ ಅಂದ ಹಾಗೆ?

ಆದ್ದರಿಂದ ಸೋಮವಾರವೇ ಸಿದ್ಧತೆ ಶುರುವಾಯಿತು. ಎಲ್ಲರೂ ಹೊರಟ ಮೇಲೆ ವಿನೋದಮ್ಮ ಸೋಫಾದಲ್ಲಿ ಮೂರು ದಿಂಬಿನ ಮೇಲೆ ಕಾಲು ಚಾಚಿ, ಫ್ರೀಜರಿನಿಂದ ಬಟಾಣಿಯ ಚೀಲ ತಂದು ಮಂಡಿಗೆ ಇಟ್ಟುಕೊಂಡರು. ಒಂದು ಕರಗಿದರೆ ಇನ್ನೊಂದು. ಹೊತ್ತು ಹೊತ್ತಿಗೆ ಎರಡೆರಡು ಐಬುಪ್ರೊಫೇನ್. ಎರಡು ದಿನ ಮೆಟ್ಟಿಲು ಹತ್ತಲಿಲ್ಲ. ಅಡುಗೆಯನ್ನೂ ಕೂತೇ ಮಾಡಿದರು.

“ಏನೇ ಇದು, ಮಂಡಿಗೆ ಬಟಾಣಿ ಪಲ್ಯವಾ?” ಎಂದರು ರಾಯರು.

“ಬಾಯಿ ಬಿಟ್ರೆ ನೋಡಿ.”

“ನನಗೆ ಪಕ್ಕದ್ದು ಕಾಣಲ್ಲ ಅಂತ ಡಾಕ್ಟರೇ ಬರ್ಕೊಟ್ಟಿದಾರೆ,” ಎಂದು ರಾಯರು ಇನ್ನೊಂದು ಚೀಲ ತರಲು ಎದ್ದರು.

ಬುಧವಾರ ಮಂಡಿ ಎಷ್ಟು ಚೆನ್ನಾಗಿತ್ತೆಂದರೆ ವಿನೋದಮ್ಮನಿಗೇ ಆಶ್ಚರ್ಯವಾಯಿತು. ಗಿಳಿಹಸಿರು ಸೀರೆಯಲ್ಲಿ, ಮಗಳ ಜೊತೆ ಕ್ಲಿನಿಕ್ಕಿನೊಳಗೆ ಸಲೀಸಾಗಿ ನಡೆದು ಹೋದರು.

ಡಾಕ್ಟರು ಮಂಡಿ ಒತ್ತಿ, ಮಡಚಿ, ಚಾಚಿ ನೋಡಿದರು. “ಊತ ಬರುತ್ತೇನಮ್ಮ?”

“ಇಲ್ಲ ಡಾಕ್ಟ್ರೇ.”

“ಬೆಚ್ಚಗಾಗುತ್ತಾ? ಬೆಳಿಗ್ಗೆ ಎದ್ದಾಗ ಬಿಗಿ ಹಿಡಿಯುತ್ತಾ?”

“ಅಂಥಾದ್ದೇನಿಲ್ಲ.”

“ನೋವಿನ ಮಾತ್ರೆ ಏನಾದ್ರೂ?”

“ಬಿ.ಪಿ. ಮಾತ್ರೆ ಬಿಟ್ರೆ ಏನೂ ಇಲ್ಲ.”

“ಬಿ.ಪಿ. ಇವತ್ತು ಯಾಕೋ ಜಾಸ್ತಿ ಇದೆಯಲ್ಲ,” ಎನ್ನುತ್ತ ಡಾಕ್ಟರು ಎಕ್ಸ್‌ರೇ ತೋರಿಸಿದರು. “ಆಸ್ಟಿಯೋಆರ್ಥ್ರೈಟಿಸ್. ಎಲುಬಿನ ತುದೀಲಿರೋ ಮೆತ್ತೆ ಸವೆದಿದೆ. ಊತ ಇದ್ದಿದ್ರೆ ಬೇರೆ ಥರ ನೋಡ್ಬೇಕಿತ್ತು. ಇಲ್ವಲ್ಲ. ವ್ಯಾಯಾಮ ಮಾಡಿ, ಸ್ವಲ್ಪ ತೂಕ ಇಳಿಸಿ.”

“ಕಾರು ಓಡಿಸ್ಬಹುದಾ?”

“ನೀವು ಹೇಳೋ ಪ್ರಕಾರ, ಓಡಿಸ್ಬಹುದು.”

ವಿನೋದಮ್ಮ ಕೊನೆಯ ಮಾತನ್ನಷ್ಟೇ ಕಟ್ಟಿಕೊಂಡು ಮನೆಗೆ ಬಂದರು. ಗೆದ್ದ ಖುಷಿಯಲ್ಲಿ ಶ್ಯಾವಿಗೆ ಪಾಯಸ ಮಾಡಿದರು. ರಿತೇಶ್ ಕೊಟ್ಟ ಮಾತಿನಂತೆ ಪಾಠ ಮತ್ತೆ ಶುರುಮಾಡಿದ.

ಮುಂದಿನ ಎರಡು ವಾರ ಆಕೆಗೆ ನರಕ. ಶನಿವಾರ ಭಾನುವಾರ ಕಾರು ಓಡಿಸುವುದು, ಸೋಮವಾರದಿಂದ ಶುಕ್ರವಾರದವರೆಗೆ ಯಾರಿಗೂ ತಿಳಿಯದಂತೆ ಬಟಾಣಿ, ಮಾತ್ರೆ, ದಿಂಬು. ಹೊಟ್ಟೆಯಲ್ಲಿ ಉರಿ ಶುರುವಾಯಿತು. ಅದಕ್ಕೆ ಮಜ್ಜಿಗೆ ಕುಡಿದರು. ಸವೆದದ್ದಕ್ಕೆ ಯಾರೇನು ಮಾಡಲಾದೀತು ಎಂದು ತಮಗೆ ತಾವೇ ಹೇಳಿಕೊಂಡರು. ಆದರೂ ದೇವರ ಮುಂದೆ ದೀಪ ಹಚ್ಚುವಾಗ ಒಮ್ಮೆ ಅಳು ಬಂದೇಬಿಟ್ಟಿತು.

ಗುಟ್ಟು ರಟ್ಟಾದದ್ದು ಪಲಾವಿನಿಂದ.

ಶುಕ್ರವಾರ ಶಾಲೆಗೆ ರಜೆ. ಸುರಕ್ಷಾ ಮಾಡಿದ ಪಲಾವನ್ನು ಒಂದು ತುತ್ತು ತಿಂದು ದೀಕ್ಷಿತಾ ಮುಖ ಸೊಟ್ಟ ಮಾಡಿದಳು. “ಅಮ್ಮಾ, ಬಟಾಣಿ ಯಾಕೆ ಮಷಿ ಮಷಿ ಇದೆ? ದಿಸ್ ಈಸ್ ಬೇಬಿ ಫುಡ್.”

ಸುರಕ್ಷಾ ಫ್ರೀಜರು ತೆರೆದಳು. ಬಟಾಣಿಯ ನಾಲ್ಕು ಚೀಲಗಳಿದ್ದವು. ಕರಗಿ, ಮತ್ತೆ ಗಟ್ಟಿಯಾಗಿ, ನಾಲ್ಕೂ ಒಂದೇ ರೀತಿ ಬಟ್ಟಲಿನ ಹಾಗೆ ಒಳಬಾಗಿದ್ದವು. ಅವಳು ಒಂದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕಾಲೆತ್ತಿ ತನ್ನ ಮಂಡಿಗೆ ಇಟ್ಟು ನೋಡಿದಳು. ಅಳತೆ ತೆಗೆದು ಹೊಲಿದಂತೆ ಕೂತಿತು.

“ಅಮ್ಮಾ!”

ವಿನೋದಮ್ಮ ಪಕ್ಕದ ಕೋಣೆಯಲ್ಲಿ ಹಳೆಯ ನೈಟಿಯಲ್ಲಿ ಬಟ್ಟೆ ಮಡಚುತ್ತಿದ್ದರು. ಮಗಳು ಕೈಯಲ್ಲಿ ಬಟಾಣಿ ಹಿಡಿದು ಬಂದದ್ದು ಕಂಡೊಡನೆ ನೈಟಿಯನ್ನು ಪಾದದವರೆಗೆ ಎಳೆದುಕೊಂಡರು.

“ಮಂಡಿ ತೋರ್ಸು.”

“ಏನೂ ಇಲ್ಲ ಹೋಗೆ.”

“ತೋರ್ಸಮ್ಮ!”

ಮಂಡಿ ಎರಡು ಪಟ್ಟಾಗಿತ್ತು. ಚಿಪ್ಪಿನ ಗುರುತೇ ಸಿಗುತ್ತಿರಲಿಲ್ಲ. ದೀಕ್ಷಿತಾ ಬೆರಳಿನಿಂದ ಮುಟ್ಟಿ, “ಓ ಮೈ ಗಾಡ್, ಅಜ್ಜಿ, ಇಟ್ಸ್ ಹಾಟ್,” ಎಂದಳು.

“ಎಷ್ಟು ದಿನದಿಂದ?” ಎಂದಳು ಸುರಕ್ಷಾ. “ಡಾಕ್ಟ್ರ ಮುಂದೆ ಊತ ಇಲ್ಲ ಅಂದ್ಯಲ್ಲ! ನಾನು ಪಕ್ಕದಲ್ಲೇ ಕೂತಿದ್ದೆ! ಮಾತ್ರೆ ತಗೊಂಡಿಲ್ಲ ಅಂದೆ. ಬಾತ್‌ರೂಮಲ್ಲಿ ಐಬುಪ್ರೊಫೇನ್ ಡಬ್ಬ ಖಾಲಿ ಆಗಿದೆ, ನಾನು ರಿತೇಶ್‌ಗೆ ತಲೆನೋವು ಅಂದ್ಕೊಂಡಿದ್ದೆ. ಯಾಕಮ್ಮ ಹೀಗೆ ಮಾಡ್ದೆ?”

“ಯಾಕಾ? ನಿಂಗೆ ಗೊತ್ತಾಗಲ್ವಾ?” ವಿನೋದಮ್ಮನೂ ದನಿ ಏರಿಸಿದರು. “ಬೆಳಿಗ್ಗೆ ಆರೂ ಮುಕ್ಕಾಲಿಗೆ ಬಾಗಿಲು ಹಾಕ್ಕೊಂಡು ಹೋಗ್ತೀಯ. ಆಮೇಲೆ ನಾನೂ ನಿಮ್ಮಪ್ಪನೂ ಕಿಟಕೀಲಿ ಬೇರೆಯವರ ಕಾರು ಎಣಿಸ್ತಾ ಕೂತಿರ್ತೀವಿ. ಕೊತ್ತಂಬರಿ ಬೇಕಾದ್ರೆ ನಿನ್ನ ಕೇಳ್ಬೇಕು, ದೇವಸ್ಥಾನಕ್ಕೆ ಹೋಗ್ಬೇಕಾದ್ರೆ ನಿನ್ನ ಕೇಳ್ಬೇಕು. ಅವರ ಕಣ್ಣಿನ ಡ್ರಾಪ್ಸ್ ಖಾಲಿ ಆದ್ರೆ ನೀನು ಬರೋವರ್ಗೂ ಕಾಯ್ಬೇಕು. ಕಾರು ಬಂದ್ರೆ ನಾನು ಬದುಕ್ತೀನಿ ಕಣೇ. ಸವೆದಿರೋ ಮಂಡೀನ ತೋರ್ಸಿದ್ರೆ ಅದೂ ಹೋಗುತ್ತೆ.”

ನಾಲ್ಕು ವರ್ಷದಲ್ಲಿ ಅಮ್ಮ ಇಷ್ಟು ಉದ್ದದ ದೂರು ಹೇಳಿದ್ದೇ ಇದು ಮೊದಲು. ಸುರಕ್ಷಾ ಬಟಾಣಿಯ ಚೀಲವನ್ನು ಮೇಜಿನ ಮೇಲಿಟ್ಟು ಕ್ಲಿನಿಕ್ಕಿಗೆ ಫೋನು ಮಾಡಿದಳು. ಯಾರೋ ಬರುವುದಿಲ್ಲವೆಂದು ಮಧ್ಯಾಹ್ನ ಎರಡು ಗಂಟೆಯ ಅಪಾಯಿಂಟ್‌ಮೆಂಟ್ ಖಾಲಿಯಾಗಿತ್ತು.

“ಏಳು, ಹೊರಡು.”

“ತಡಿ, ತಲೆ ಬಾಚ್ಕೊಂಡು ಸೀರೆ ಉಟ್ಕೋತೀನಿ.”

“ಬೇಡ.”

“ನೈಟೀಲಾ? ಡಾಕ್ಟ್ರ ಹತ್ರ? ನಮ್ಮ ಮಾನ ಏನಾಗ್ಬೇಕು?”

“ಮೇಲೊಂದು ಸ್ವೆಟರ್ ಹಾಕ್ಕೋ. ಪೌಡರ್ ಡಬ್ಬಿ ಮುಟ್ಟಿದ್ರೆ ನೋಡು!”

ಡಾ. ರವಿಶಂಕರ್ ಕೋಣೆಗೆ ಬಂದು, ಮಂಡಿ ನೋಡಿ, ಕಂಪ್ಯೂಟರಿನಲ್ಲಿ ತಾವೇ ಬರೆದದ್ದನ್ನು ಓದಿ, ಮತ್ತೆ ಮಂಡಿ ನೋಡಿದರು.

“ವಿನೋದಮ್ಮನೋರೇ, ಇದು ಆವತ್ತಿನ ಮಂಡೀನೇನಾ?”

ಸುರಕ್ಷಾ ಬಟಾಣಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದಳು. ಡಾಕ್ಟರು ಮೊದಲು ನಕ್ಕರು. ಐಬುಪ್ರೊಫೇನ್ ಲೆಕ್ಕ ಕೇಳಿದ ಮೇಲೆ ನಗು ನಿಂತಿತು. “ಬಿ.ಪಿ. ಮಾತ್ರೆ ಜೊತೆಗೆ ಇದನ್ನ ಹೀಗೆ ನುಂಗಿದ್ರೆ ಕಿಡ್ನಿ, ಹೊಟ್ಟೆ ಎರಡೂ ಕೆಡುತ್ತಮ್ಮ. ಬಿ.ಪಿ. ಏರಿದ್ದೂ ಇದರಿಂದಾನೇ ಇರ್ಬೇಕು. ಇವತ್ತೇ ರಕ್ತ ಪರೀಕ್ಷೆ ಮಾಡಿಸ್ತೀನಿ. ಇನ್ನು ಒಂದು ಮಾತ್ರೇನೂ ಮುಟ್ಟೋ ಹಾಗಿಲ್ಲ. ಆವತ್ತು ನಾನೂ ಅಲ್ಟ್ರಾಸೌಂಡ್ ಇಟ್ಟು ನೋಡ್ಬೇಕಿತ್ತು, ನಿಮ್ಮ ಸೀರೆ ನೋಡಿ ಮೋಸ ಹೋದೆ.”

ಮಂಡಿಗೆ ತಣ್ಣನೆಯ ಜೆಲ್ ಹಚ್ಚಿ, ಕೈಯಲ್ಲಿ ಹಿಡಿಯುವಷ್ಟಿನ ಯಂತ್ರವನ್ನು ಮೆಲ್ಲಗೆ ಆಡಿಸಿದರು. ಪರದೆಯ ಮೇಲೆ ಬೂದುಬಣ್ಣದ ಗೆರೆಗಳು ಮೂಡಿದವು.

“ಇಲ್ಲಿ ಕಪ್ಪಗಿದೆಯಲ್ಲ, ಅದು ನೀರು. ಅದರ ಅಂಚಲ್ಲಿ ಕೆಂಪು ಚುಕ್ಕಿ ಮಿನುಗ್ತಿದೆ ನೋಡಿ. ಕೀಲಿನ ಒಳಪೊರೇಲಿ ರಕ್ತ ಜಾಸ್ತಿ ಓಡ್ತಿದೆ. ಉರಿಯೂತ.”

ವಿನೋದಮ್ಮ ಮೊಣಕೈಯೂರಿ ಎದ್ದು ಕೂತರು. “ಸವೆತ ಅಂದಿದ್ರಲ್ಲ?”

“ಸವೆತಾನೂ ಇದೆ, ಉರಿಯೂತಾನೂ ಇದೆ. ಈ ಕಾಯಿಲೆ ಬರೀ ಸವೆತ ಅಂತ ನಾವು ಓದೋ ಕಾಲದಲ್ಲಿ ಹೇಳ್ತಿದ್ರು. ಈಗ ಗೊತ್ತು, ಎಷ್ಟೋ ಜನಕ್ಕೆ ಒಳಗೆ ಉರಿಯೂತ ಇರುತ್ತೆ. ಸವೆದಿದ್ದನ್ನ ನಾನು ವಾಪಸ್ ತಂದುಕೊಡೋಕಾಗಲ್ಲ. ಉರಿಯೂತಾನ ಇಳಿಸ್ಬಹುದು.”

“ಅಂದ್ರೆ... ಇದು ಬರೀ ವಯಸ್ಸಲ್ವಾ?”

“ವಯಸ್ಸಿಗೆ ನನ್ನ ಹತ್ರ ಔಷಧಿ ಇಲ್ಲ. ಇದಕ್ಕಿದೆ.”

ವಿನೋದಮ್ಮನಿಗೆ ಆ ಕ್ಷಣ ಮಂಚದಿಂದ ಜಿಗಿದುಬಿಡೋಣ ಅನ್ನಿಸಿತು. ಮಗಳ ಕೈ ಹಿಡಿದು, “ಕೇಳಿಸ್ಕೊಂಡ್ಯಾ? ಕೇಳಿಸ್ಕೊಂಡ್ಯೇನೇ?” ಎಂದು ಅಲುಗಿಸಿದರು. ಸುರಕ್ಷಾ ನಗುತ್ತ, ಅಳುತ್ತ ತಲೆಯಾಡಿಸಿದಳು.

ಡಾಕ್ಟರು ಸೂಜಿಯಿಂದ ನೀರು ತೆಗೆದರು. ತಿಳಿಯಾದ ಹೊಂಬಣ್ಣದ ನೀರು ಸಿರಿಂಜಿನ ತುಂಬ ಬಂತು. ತಿಳಿಯಾಗಿರುವುದು ಒಳ್ಳೆಯ ಲಕ್ಷಣ, ಆದರೂ ಸೋಂಕು, ಹರಳು ಏನಾದರೂ ಇದೆಯೇ ಎಂದು ಲ್ಯಾಬಿಗೆ ಕಳಿಸುತ್ತೇನೆ ಎಂದರು. ಅದೇ ಜಾಗಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು.

“ಇದು ಪವಾಡ ಅಲ್ಲ. ಕೆಲವು ವಾರ ಹಿಡಿಯುತ್ತೆ, ಕೆಲವರಿಗೆ ಕೆಲವು ತಿಂಗಳು. ಪದೇ ಪದೇ ಕೊಡೋ ಹಾಗಿಲ್ಲ. ಅಷ್ಟರಲ್ಲಿ ಫಿಸಿಯೋಥೆರಪಿ ಮಾಡಿ ತೊಡೆ ಗಟ್ಟಿ ಮಾಡ್ಕೋಬೇಕು. ಮಾತ್ರೆ ಬದಲು ಹಚ್ಚೋ ಜೆಲ್ ಬರ್ಕೊಡ್ತೀನಿ. ಒಂದು ವಾರ ಕಾರು ಬೇಡ. ಆಮೇಲೆ ಊತ ಇಲ್ಲದ ದಿನ ಧಾರಾಳವಾಗಿ ಓಡಿಸಿ. ಊದಿದ ದಿನ ಮಾತ್ರ ನನಗೆ ಹೇಳಿ, ಮುಚ್ಚಿಡ್ಬೇಡಿ.”

ಸೋಮವಾರ ಲ್ಯಾಬಿನಿಂದ ಸುದ್ದಿ ಬಂತು. ಸೋಂಕಿಲ್ಲ, ಹರಳಿಲ್ಲ, ಕಿಡ್ನಿಯೂ ಸುರಕ್ಷಿತ. ಆ ಬುಧವಾರ ಬೆಳಿಗ್ಗೆ ವಿನೋದಮ್ಮ ಮೆಟ್ಟಿಲಿನ ತುದಿಯಲ್ಲಿ ನಿಂತು ಒಂದು ಕಾಲು ಇಳಿಸಿದರು. ಇನ್ನೊಂದು ಕಾಲನ್ನು ಅದೇ ಮೆಟ್ಟಿಲಿಗೆ ತರದೆ ಮುಂದಿನದಕ್ಕೆ ಇಟ್ಟರು. ಮತ್ತೊಂದು, ಮಗುದೊಂದು. ಕೆಳಗೆ ಬಂದವರೇ, “ರೀ! ಇಳಿದೆ ಕಣ್ರೀ!” ಎಂದು ಕೂಗಿದರು.

“ಎಲ್ಲಿಂದ?” ಎಂದು ಗಾಬರಿಯಾಗಿ ರಾಯರು ಹಾಲ್‌ಗೆ ಬಂದರು.

ಆಕೆ ಮತ್ತೆ ಹತ್ತಿ ಇಳಿದು ತೋರಿಸಿದರು. ಮೂರನೆಯ ಸಲ ರಾಯರೇ ತಡೆಯಬೇಕಾಯಿತು.

ಮನೆಯ ದಿನಚರಿ ಬದಲಾಯಿತು. ರಾತ್ರಿಯ ಅನ್ನ ಹೋಗಿ ಜೋಳದ ರೊಟ್ಟಿ, ಸೊಪ್ಪು ಬಂತು. ಯಾವ ತಪ್ಪೂ ಮಾಡದ ರಾಯರಿಗೂ ಅದೇ ಶಿಕ್ಷೆ. ಸಾಂಬಾರು ಕುದಿಯುವ ಹೊತ್ತಿನಲ್ಲಿ ವಿನೋದಮ್ಮ ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹಿಡಿಯುತ್ತಿದ್ದರು. ರಾಯರು ಹೆಡ್‌ಮಾಸ್ತರರ ದನಿಯಲ್ಲಿ ಎಣಿಸುತ್ತಿದ್ದರು. “ಏಳು... ಎಂಟು... ಮಂಡಿ ಬಗ್ಗಿಸ್ಬಾರ್ದು, ಮತ್ತೆ ಒಂದರಿಂದ!”

ಅತ್ತೆ ನೋವು ಮುಚ್ಚಿಟ್ಟ ಬೇಸರ ರಿತೇಶನಿಗೆ ಮಾತ್ರ ಇನ್ನೂ ಹೋಗಿರಲಿಲ್ಲ. ಪಾಠ ಮತ್ತೆ ಶುರುವಾದ ಶನಿವಾರ, ಚರ್ಚಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿ ಅವನು ಕೇಳಿದ.

“ಅತ್ತೆ, ನೋಯ್ತಿದೆ ಅಂತ ನನಗೆ ಒಂದು ಮಾತು ಹೇಳ್ಬೇಕಿತ್ತು. ಆವತ್ತು ಆ ವ್ಯಾನ್‌ಗೆ ಹೊಡ್ದಿದ್ರೆ?”

“ತಪ್ಪಾಯ್ತು ರಿತೇಶ್.” ವಿನೋದಮ್ಮ ಸ್ಟೀರಿಂಗನ್ನೇ ನೋಡುತ್ತಿದ್ದರು. “ಅಳಿಯಂದ್ರ ಹತ್ರ ಕಾಲು ನೋವು, ಮೈ ನೋವು ಅಂತ ಹೇಗೆ ಹೇಳೋದು?”

“ಅಳಿಯಂಗೆ ಹೇಳ್ಬೇಡಿ. ಟೀಚರ್‌ಗೆ ಹೇಳಿ.”

“ಹಾಗಾದ್ರೆ ನೀವೂ ಟೀಚರ್ ಥರ ಇರಿ. ‘ಒತ್ತಿದ್ರೆ ಒಳ್ಳೇದು’ ಅಂತೀರಲ್ಲ, ಅಷ್ಟು ಹೊತ್ತಿಗೆ ಮೇಲ್‌ಬಾಕ್ಸ್ ಬಿದ್ದೇಹೋಯ್ತು. ಕಿರುಚೋ ಕಡೆ ಕಿರುಚಿ.”

ರಿತೇಶ್ ನಕ್ಕ. ಕೆಳಗಿಳಿದು ದೊಡ್ಡ ರಟ್ಟಿನ ಡಬ್ಬವೊಂದನ್ನು ದೂರದಲ್ಲಿ ಇಟ್ಟು ಬಂದ. ವಿನೋದಮ್ಮ ಇಪ್ಪತ್ತೈದು ಮೈಲಿ ವೇಗದಲ್ಲಿ ಡಬ್ಬದತ್ತ ಓಡಿಸಿದರು.

“ಬ್ರೇಏಏಕ್!” ರಿತೇಶ್ ಜೀವಮಾನದಲ್ಲೇ ಅತ್ತೆಯ ಮುಂದೆ ಅಷ್ಟು ಜೋರಾಗಿ ಕೂಗಿರಲಿಲ್ಲ.

ಪಾದ ಹಾರಿ ಬ್ರೇಕಿನ ಮೇಲೆ ಬಿತ್ತು. ಕಾರು ಗಕ್ಕನೆ ನಿಂತಿತು. ಡಬ್ಬ ಇನ್ನೂ ಎರಡು ಮಾರು ದೂರದಲ್ಲಿತ್ತು. ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇನ್ನೊಂದ್ಸಲ ಕಿರುಚಿ ರಿತೇಶ್. ಚೆನ್ನಾಗಿದೆ!”

ಅಂದು ಹದಿನಾಲ್ಕು ಸಲ ಕಿರುಚಿ ರಿತೇಶನ ಗಂಟಲು ಕೂತುಹೋಯಿತು.

ಮೇ ಇಪ್ಪತ್ತಾರರಂದು ಐವರೂ ಲೈಸೆನ್ಸ್ ಆಫೀಸಿಗೆ ಹೋದರು. ಮೊದಲು ದೀಕ್ಷಿತಾ ಹೋಗಿ, ಎಂಬತ್ತಾರು ಅಂಕದೊಂದಿಗೆ ಕುಣಿಯುತ್ತ ಬಂದಳು. ಆಮೇಲೆ ವಿನೋದಮ್ಮ. ಪರೀಕ್ಷಕಿ ನಗುವ ಜಾತಿಯವಳಲ್ಲ. ಹಿಂದಕ್ಕೆ ಓಡಿಸು ಎಂದಳು, ಪಾರ್ಕ್ ಮಾಡು ಎಂದಳು, ವೇಗವಾಗಿ ಹೋಗುವಾಗ “ಸ್ಟಾಪ್!” ಎಂದಳು. ರಿತೇಶನ ಕಿರುಚಾಟಕ್ಕೆ ಹೋಲಿಸಿದರೆ ಅದು ಪಿಸುಮಾತು. ಕಾರು ನಿಂತಿತು.

ತೊಂಬತ್ತೊಂದು.

“ಅಜ್ಜಿ, ದಟ್ಸ್ ನಾಟ್ ಫೇರ್!” ಎಂದು ದೀಕ್ಷಿತಾ ಚೀರಿದಳು. ವಿನೋದಮ್ಮ ಆಫೀಸಿನ ಬಾಗಿಲಲ್ಲೇ ಮೊಮ್ಮಗಳನ್ನು ಅಪ್ಪಿಕೊಂಡು ಗಿರಗಿರನೆ ತಿರುಗಿಸಿದರು. “ಕಾರಲ್ಲಿ ಕೂತ್ಕೊಳಿ ಎಲ್ಲಾ, ನಾನೇ ಓಡಿಸೋದು,” ಎಂದರು. ಪುಂಡಲೀಕರಾಯರು ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡು, ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ತಿರುಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಆ ಬೇಸಿಗೆಯನ್ನು ವಿನೋದಮ್ಮ ಒಂದೇ ಉಸಿರಿಗೆ ಬದುಕಿದರು. ಕೊತ್ತಂಬರಿ ದಿನಾ ತಾಜಾ ಬಂತು. ಗುರುವಾರ ಲೈಬ್ರರಿ, ಶನಿವಾರ ದೇವಸ್ಥಾನ, ರಾಯರ ಕಣ್ಣಿನ ಡ್ರಾಪ್ಸ್ ಖಾಲಿಯಾದ ದಿನವೇ ಹೊಸ ಬಾಟಲಿ. ಬಡಾವಣೆಯಲ್ಲಿ ತಮ್ಮಂತೆಯೇ ಕಿಟಕಿಯ ಹಿಂದೆ ಕೂತಿದ್ದ ಇನ್ನೂ ಮೂವರು ಅಜ್ಜಿಯರಿದ್ದಾರೆಂದು ಆಗಲೇ ಗೊತ್ತಾದದ್ದು. ಅವರನ್ನೂ ತುಂಬಿಕೊಂಡು ತಿರುಗಿದರು. ಮುಂದಿನ ಸೀಟಿಗಾಗಿ ಅವರವರಲ್ಲೇ ಸಣ್ಣ ರಾಜಕೀಯ ಶುರುವಾಯಿತು.

ಆಗಸ್ಟಿನ ವರಮಹಾಲಕ್ಷ್ಮಿ ಶುಕ್ರವಾರ ಐದು ಮನೆಗಳಿಂದ ಕುಂಕುಮಕ್ಕೆ ಕರೆ ಬಂದಿತ್ತು. ಮೂವರು ಅಜ್ಜಿಯರನ್ನೂ ತಾವೇ ಕರೆದೊಯ್ಯುವುದಾಗಿ ವಿನೋದಮ್ಮ ವಾರದ ಹಿಂದೆಯೇ ಮಾತು ಕೊಟ್ಟಿದ್ದರು. ಅಂದು ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟಾಗ ಮಂಡಿ ಬಿಗಿಯಿತು. ಕೈಯಿಟ್ಟು ನೋಡಿದರು. ಬೆಚ್ಚಗಿತ್ತು, ಉಬ್ಬಿತ್ತು. ಮಂಚದ ತುದಿಯಲ್ಲಿ ತುಂಬ ಹೊತ್ತು ಕೂತೇ ಇದ್ದರು. ಮೊದಲ ಮನೆಯ ಪೂಜೆ ಹತ್ತಕ್ಕೆ. ಅಷ್ಟರಲ್ಲಿ ಇಳಿಸಿಕೊಳ್ಳುವ ದಾರಿ ಅವರಿಗೆ ಗೊತ್ತಿಲ್ಲದ್ದೇನಲ್ಲ. ಕಂಚಿ ಸೀರೆಯನ್ನೂ ತೆಗೆದಿಟ್ಟಾಗಿತ್ತು.

ಒಂದೊಂದೇ ಮೆಟ್ಟಿಲು ಇಳಿದು ಅಡುಗೆಮನೆಗೆ ಬಂದರು. ಶುಕ್ರವಾರಗಳಲ್ಲಿ ಮನೆಯಿಂದಲೇ ಕೆಲಸ ಮಾಡುವ ರಿತೇಶ್ ಲ್ಯಾಪ್‌ಟಾಪಿನ ಮುಂದೆ ಕಾಫಿ ಕುಡಿಯುತ್ತಿದ್ದ. ಎದುರಿಗೆ ರಾಯರು.

ವಿನೋದಮ್ಮ ಕಾರಿನ ಕೀಯನ್ನು ಅಳಿಯನ ಮುಂದಿಟ್ಟರು.

“ಮಂಡಿ ಊದಿದೆ ರಿತೇಶ್. ಇವತ್ತು ನಾನು ಓಡಿಸಲ್ಲ.” ಹೇಳುತ್ತ ಕುರ್ಚಿ ಎಳೆದುಕೊಂಡು ಕೂತರು. “ಅವರಿಗೆಲ್ಲ ಫೋನ್ ಮಾಡಿ ಬರೋಕಾಗಲ್ಲ ಅಂತ ಹೇಳ್ತೀನಿ. ಡಾಕ್ಟ್ರ ಹತ್ರ ಯಾವಾಗ ಸಿಗುತ್ತೋ ನೋಡಿ.”

ರಿತೇಶ್ ಅತ್ತೆಯ ಮುಖ ನೋಡಿದ. ಲ್ಯಾಪ್‌ಟಾಪು ಮುಚ್ಚಿ ಎದ್ದು, ಮೇಜಿನ ಮೇಲಿದ್ದ ಕೀಯನ್ನು ತೆಗೆದುಕೊಂಡು ಆಕೆಯ ಅಂಗೈಗೆ ಇಟ್ಟು ಬೆರಳು ಮಡಚಿದ.

“ಸೀರೆ ಉಟ್ಕೊಂಡು ಬನ್ನಿ ಅತ್ತೆ. ಐದೂ ಮನೆಗೆ ನಾನು ಕರ್ಕೊಂಡು ಹೋಗ್ತೀನಿ, ದಾರೀಲಿ ಡಾಕ್ಟ್ರಿಗೆ ಫೋನ್ ಮಾಡೋಣ. ಇದು ನಿಮ್ಮ ಹತ್ರಾನೇ ಇರ್ಲಿ. ನನ್ನ ಹತ್ರ ಸ್ಪೇರ್ ಕೀ ಇದೆ.”